ದೂರದ ಬೇಟೆಯಲ್ಲಿ ಲೇಸರ್ ರೇಂಜ್‌ಫೈಂಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ, ಅಂದರೆ ವಯೋಮಿಂಗ್, ಮೊಂಟಾನಾ, ಕೊಲೊರಾಡೊ, ಐಡಹೊ ಕಡೆ ನೆಲೆಸಿ, ಹಂಟರ್ ಎಜುಕೇಶನ್ ಮುಗಿಸಿ, ಟ್ಯಾಗ್ (ಬೇಟೆಯ ಪರವಾನಗಿ ಚೀಟಿ) ಪಡೆದು ಎಲ್ಕ್, ಮ್ಯೂಲ್ ಡಿಯರ್, ಪ್ರಾಂಗ್‌ಹಾರ್ನ್ ಬೇಟೆಗೆ ಹೊರಡುವ ಕನ್ನಡಿಗರಿಗಾಗಿ, ಲೇಸರ್ ಬಿಟ್ಟು ಪ್ರಾಣಿಯ ದೂರ ಅಳೆಯುವ ಉಪಕರಣದ ಬಗ್ಗೆ ಇದನ್ನು ಬರೆದಿದ್ದೇನೆ. ಅಲ್ಲಿ ಎಲ್ಲರೂ ಲೆಕ್ಕ ಹಿಡಿಯುವುದು ಗಜದಲ್ಲಿ, ಹಾಗಾಗಿ ಇಲ್ಲಿಯೂ ಗಜವೇ. ಒಂದು ಗಜ ಎಂದರೆ 0.914 ಮೀಟರ್.

ಪೆಟ್ಟಿಗೆ ಮೇಲೆ 2000 ಗಜ ಅಂತ ಬರೆದಿದೆ. ಪ್ರಾಣಿ ಮೇಲೆ ನಿಜವಾಗಿ ಎಷ್ಟು ದೂರ ಸಿಗುತ್ತೆ?

ಪೆಟ್ಟಿಗೆಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ಸಾಮಾನ್ಯವಾಗಿ ಪ್ರತಿಫಲಕದ ಮೇಲಿನ ದೂರ. ರಸ್ತೆ ಬದಿಯ ಹೊಳೆಯುವ ಫಲಕವು ಬಂದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಪ್ರಾಣಿಯ ರೋಮ ಹಾಗಲ್ಲ, ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲಿಬಿಡುತ್ತದೆ, ಅದರಲ್ಲಿ ನಿಮ್ಮ ಲೆನ್ಸಿಗೆ ಮರಳುವುದು ತೀರಾ ಸ್ವಲ್ಪ. ಅದೇ ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ "ಮರ", "ಜಿಂಕೆ" ಎಂದು ಇನ್ನೆರಡು ಅಂಕಿ ಇರುತ್ತವೆ. ನೋಡಬೇಕಾದ್ದು ಕೊನೆಯದನ್ನು, ಅದನ್ನೂ ಒಳ್ಳೆಯ ಪರಿಸ್ಥಿತಿಯ ಅಂಕಿ ಎಂದು ತಿಳಿದುಕೊಂಡು.

ನನ್ನ ಅಂದಾಜು ಹೀಗೆ: ಮೋಡ ಕವಿದ ಸಂಜೆ, ಟ್ರೈಪಾಡ್ ಮೇಲೆ ಇಟ್ಟು ನೋಡಿದಾಗ ಪ್ರಾಣಿಯ ಮೈಮೇಲೆ ದೊಡ್ಡ ಅಂಕಿಯ ಅರ್ಧ ಸಿಕ್ಕರೆ ಅದು ಒಳ್ಳೆಯ ಉಪಕರಣ. ಸುಡುಬಿಸಿಲಿನಲ್ಲಿ, ಕೈಯಲ್ಲೇ ಹಿಡಿದು ನೋಡಿದರೆ ಮೂರನೇ ಒಂದು ಭಾಗಕ್ಕೆ ಸಿದ್ಧರಾಗಿರಿ. ಬೇಟೆಗೆ 600 ಗಜದ ತನಕ ನೆಚ್ಚಿಕೊಳ್ಳಬಲ್ಲ ಅಳತೆ ಬೇಕು ಎನ್ನುವವರು ಪೆಟ್ಟಿಗೆಯಲ್ಲಿ 1800–2000 ಇರುವುದನ್ನು ಕೊಳ್ಳುವುದು ಅತಿಯಾಸೆಯಲ್ಲ.

ಇದು ದೂರ ಅಳೆಯುವುದಾದರೂ ಹೇಗೆ?

ಕಣ್ಣಿಗೆ ಕಾಣದ ಅವಗೆಂಪು ಲೇಸರ್‌ನ ಚಿಕ್ಕ ಮಿಡಿತಗಳನ್ನು ಕಳಿಸಿ, ಅವು ಮರಳಿ ಬರಲು ಹಿಡಿದ ಸಮಯವನ್ನು ಎಣಿಸುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಹೋಗಿ ಬರುವ ದಾರಿ ಸೇರಿ ಒಂದು ಗಜದ ನಿಖರತೆ ಬೇಕೆಂದರೆ ಸುಮಾರು ಆರು ನ್ಯಾನೋಸೆಕೆಂಡಿನ ವ್ಯತ್ಯಾಸ ಹಿಡಿಯಬೇಕು. ಇಂದಿನ ಅಗ್ಗದ ಉಪಕರಣವೂ ಇದನ್ನು ಮಾಡುತ್ತದೆ. ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರಲ್ಲಿ. ಲೈಕಾ ಕಂಪನಿಯ ಜಿಯೋವಿಡ್ ಬೈನಾಕ್ಯುಲರ್ ಬೇಟೆಗಾರರ ಕೈಗೆ ಬಂದದ್ದು 1992ರಲ್ಲಿ.

ಸಮಯ ಎಣಿಸುವುದರಲ್ಲಿ ಈಗ ತೊಡಕಿಲ್ಲ. ತೊಡಕಿರುವುದು ಮರಳಿ ಬಂದ ಬೆಳಕು ಯಾವುದಕ್ಕೆ ಬಡಿದು ಬಂದದ್ದು ಎನ್ನುವುದರಲ್ಲಿ. ಮುಂದಿನ ಹಲವು ಉತ್ತರಗಳು ಇದರ ಸುತ್ತಲೇ ಇವೆ.

ಕಿರಣದ ಹರವು ಎಂದರೇನು? ಅದಕ್ಕೆ ಅಷ್ಟೇಕೆ ತಲೆಕೆಡಿಸಿಕೊಳ್ಳಬೇಕು?

ಕೊಳ್ಳುವ ಮುನ್ನ ಒಂದೇ ಒಂದು ವಿವರ ನೋಡಲು ಪುರುಸೊತ್ತಿದ್ದರೆ ಇದನ್ನು ನೋಡಿ. ಲೇಸರ್ ಎಂದರೆ ದಾರದಂತೆ ನೇರವಾಗಿ ಹೋಗುತ್ತದೆಂದು ಬಹಳ ಜನ ನಂಬಿದ್ದಾರೆ. ಆದರೆ ಇದೂ ಟಾರ್ಚ್ ಬೆಳಕಿನ ಹಾಗೆ ದೂರ ಹೋದಷ್ಟೂ ಅಗಲವಾಗುತ್ತದೆ. ಆ ಅಗಲವನ್ನು ಮಿಲಿರೇಡಿಯನ್‌ನಲ್ಲಿ ಹೇಳುತ್ತಾರೆ. ಒಂದು ಮಿಲಿರೇಡಿಯನ್ ಹರವಿದ್ದರೆ 1000 ಗಜದಲ್ಲಿ ಕಿರಣದ ಅಗಲ ಒಂದು ಗಜ, 500 ಗಜದಲ್ಲಿ ಅರ್ಧ ಗಜ.

ಬಹುತೇಕ ಬೇಟೆ ಉಪಕರಣಗಳ ಕಿರಣ ದುಂಡಗಿರುವುದಿಲ್ಲ. ಲೇಸರ್ ಡಯೋಡಿನ ಬೆಳಕು ಹೊಮ್ಮುವ ಜಾಗವೇ ಸಣ್ಣ ಪಟ್ಟಿಯ ಆಕಾರದ್ದು, ಆದ್ದರಿಂದ ಕಿರಣವೂ ಉದ್ದನೆಯ ಪಟ್ಟಿ. 1.5 ಮತ್ತು 0.5 ಮಿಲಿರೇಡಿಯನ್ ಎಂದು ವಿವರಪಟ್ಟಿಯಲ್ಲಿದ್ದರೆ, 800 ಗಜದಲ್ಲಿ ಅದು 43 ಇಂಚು ಉದ್ದ, 14 ಇಂಚು ಅಗಲದ ಪಟ್ಟಿಯಾಗಿರುತ್ತದೆ. ಪ್ರಾಂಗ್‌ಹಾರ್ನ್‌ನ ಎದೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, 14–15 ಇಂಚು. ಪಟ್ಟಿ ಅಡ್ಡಕ್ಕೆ ಮಲಗಿದ್ದರೆ ಪಕ್ಕೆ ತೋರಿ ನಿಂತ ಪ್ರಾಣಿಯ ಮೈಮೇಲೆ ಚೆನ್ನಾಗಿ ಕೂರುತ್ತದೆ. ನೆಟ್ಟಗೆ ನಿಂತಿದ್ದರೆ ಮೇಲಿನ ತುದಿ ಹಿಂದಿನ ಗುಡ್ಡಕ್ಕೂ ಕೆಳಗಿನ ತುದಿ ಮುಂದಿನ ಹುಲ್ಲಿಗೂ ಬಡಿಯುತ್ತದೆ. ಹಾಗಿದ್ದಾಗ ಉಪಕರಣವನ್ನು 90 ಡಿಗ್ರಿ ತಿರುಗಿಸಿ ಹಿಡಿದು ಅಳೆಯಿರಿ. ವಿಚಿತ್ರವಾಗಿ ಕಂಡರೂ ಕೆಲಸ ಮಾಡುತ್ತದೆ.

ಅಗ್ಗದ ಕೆಲವು ಉಪಕರಣಗಳ ಹರವು 3 ಮಿಲಿರೇಡಿಯನ್ ದಾಟುತ್ತದೆ. 800 ಗಜದಲ್ಲಿ ಅದು ಏಳಡಿ. ಅಷ್ಟು ಅಗಲದ ಬೆಳಕಿನಲ್ಲಿ ಜಿಂಕೆಯ ಪಾಲೆಷ್ಟು, ಸೇಜ್‌ಬ್ರಷ್ ಪೊದೆಯ ಪಾಲೆಷ್ಟು ಎಂದು ಲೆಕ್ಕ ಹಾಕಿ ನೋಡಿ.

ಇನ್ನೊಂದು ಪರಿಣಾಮವೂ ಇದೆ. ಪ್ರಾಣಿ ಕಿರಣವನ್ನು ಪೂರ್ತಿ ತುಂಬುವವರೆಗೆ, ದೂರ ಎರಡು ಪಟ್ಟಾದರೆ ಮರಳುವ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕಿರಣ ಪ್ರಾಣಿಗಿಂತ ಎಲ್ಲ ಕಡೆಯೂ ಅಗಲವಾದ ಮೇಲೆ ಅದೇ ಹದಿನಾರನೇ ಒಂದಕ್ಕೆ ಕುಸಿಯುತ್ತದೆ. 500 ಗಜದಲ್ಲಿ ಥಟ್ಟನೆ ಅಂಕಿ ಕೊಡುವ ಉಪಕರಣ 700ರಲ್ಲಿ ಪೂರಾ ಮೂಕವಾಗುವುದು ಇದರಿಂದಲೇ.

ವಯೋಮಿಂಗ್‌ನ ಬಯಲಿನಲ್ಲಿ ಪ್ರತಿ ಸಲ ಬೇರೆ ಬೇರೆ ಅಂಕಿ ಬರುತ್ತೆ. ಉಪಕರಣ ಕೆಟ್ಟಿದೆಯಾ?

ಬಹುಮಟ್ಟಿಗೆ ಕೆಟ್ಟಿಲ್ಲ. ಚಪ್ಪಟೆ ನೆಲವೇ ರೇಂಜ್‌ಫೈಂಡರಿಗೆ ಅತಿ ಕಷ್ಟದ ಜಾಗ. ಸಮತಟ್ಟಾದ ಬಯಲಿನಲ್ಲಿ ನಿಮ್ಮ ಕಣ್ಣು ನೆಲದಿಂದ 1.7 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. 800 ಗಜ ದೂರದ ನೆಲದತ್ತ 1.5 ಮಿಲಿರೇಡಿಯನ್ ಎತ್ತರದ ಕಿರಣ ಬಿಟ್ಟರೆ, ಅದರ ಕೆಳ ಅಂಚು ಸುಮಾರು 600 ಗಜದಲ್ಲೇ ನೆಲ ಮುಟ್ಟುತ್ತದೆ, ಮೇಲಿನ ಅಂಚು ಮುಟ್ಟುವುದು 1200ರ ಹತ್ತಿರ. ಈ ಆರುನೂರು ಗಜದ ಹುಲ್ಲು, ಪೊದೆ, ಕಲ್ಲು ಎಲ್ಲವೂ ಬೆಳಕನ್ನು ಹಿಂದಕ್ಕೆ ಕಳಿಸುತ್ತಿರುತ್ತವೆ. ಹೊಟ್ಟೆಯ ಮೇಲೆ ಮಲಗಿದರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ.

ಸ್ವಲ್ಪ ದಿಬ್ಬ ಹತ್ತಿ. ನಾಲ್ಕಡಿ ಎತ್ತರ ಹೆಚ್ಚಾದರೂ ವ್ಯತ್ಯಾಸ ಕಾಣುತ್ತದೆ. ಪ್ರಾಣಿಯ ಹೊಟ್ಟೆಯ ಗೆರೆಗಲ್ಲ, ಬೆನ್ನಿನ ಗೆರೆಯ ಕೆಳಗೆ ಗುರಿ ಇಡಿ. ಮೂರು ಸಲ ಒತ್ತಿ. ಮೂರೂ ಒಂದೆರಡು ಗಜದೊಳಗೆ ಬಂದರೆ ನಂಬಿ. 612, 655, 610 ಎಂದು ಬಂದರೆ ಸರಾಸರಿ ತೆಗೆಯಬೇಡಿ, ಯಾಕೆಂದರೆ 626ರಲ್ಲಿ ಬಹುಶಃ ಏನೂ ನಿಂತಿಲ್ಲ.

"ಫಸ್ಟ್", "ಲಾಸ್ಟ್", "ಬೆಸ್ಟ್" ಅಂತ ಸೆಟ್ಟಿಂಗ್ ಇದೆಯಲ್ಲ, ಯಾವುದು ಇಡಲಿ?

ಹಲವು ವಸ್ತುಗಳಿಗೆ ಬಡಿದು ಬಂದ ಬೆಳಕಿನಲ್ಲಿ ಫಸ್ಟ್ ಹತ್ತಿರದ್ದನ್ನು, ಲಾಸ್ಟ್ ದೂರದ್ದನ್ನು ತೋರಿಸುತ್ತದೆ. ಮುಂದೆ ಹುಲ್ಲು, ಕೊಂಬೆ ಇದ್ದು ಪ್ರಾಣಿ ಹಿಂದಿದ್ದರೆ ಲಾಸ್ಟ್. ಪ್ರಾಣಿ ದಿಬ್ಬದ ನೆತ್ತಿಯಲ್ಲಿ ನಿಂತಿದ್ದು ಹಿಂದೆ ಇನ್ನೊಂದು ಬೆಟ್ಟವಿದ್ದರೆ ಫಸ್ಟ್. ಬೆಸ್ಟ್ ಎನ್ನುವುದು ಅತಿ ಬಲವಾದ ಮರುಬೆಳಕನ್ನು ಆರಿಸುತ್ತದೆ, ಸಾಮಾನ್ಯ ದಿನಕ್ಕೆ ಸಾಕು. ಆದರೆ ಹಸಿರೆಲೆ ಅವಗೆಂಪು ಬೆಳಕನ್ನು ಬಹಳ ಚೆನ್ನಾಗಿ ಹಿಂದಕ್ಕೆಸೆಯುತ್ತದೆ. ಎಲ್ಕ್ ಪಕ್ಕದಲ್ಲೇ ಆಸ್ಪೆನ್ ಮರವಿದ್ದರೆ "ಬೆಸ್ಟ್" ಮರವನ್ನೇ ಆರಿಸೀತು.

ರೆಟಿಕಲ್ ತೋರಿಸುವ ಕಡೆಗೇ ಕಿರಣ ಹೋಗುತ್ತದೆ ಎಂದು ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಇದನ್ನು ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕು. ರೆಟಿಕಲ್, ಅಂದರೆ ಒಳಗೆ ಕಾಣುವ ಗುರಿಯ ಚೌಕ ಅಥವಾ ವೃತ್ತಕ್ಕೂ ಲೇಸರ್ ನಿಜವಾಗಿ ಬೀಳುವ ಜಾಗಕ್ಕೂ ಕಾರ್ಖಾನೆಯಿಂದಲೇ ಸ್ವಲ್ಪ ಅಂತರ ಉಳಿದಿರಬಹುದು. 300 ಗಜದಲ್ಲಿ ಗೊತ್ತೇ ಆಗುವುದಿಲ್ಲ. 700 ಗಜದಲ್ಲಿ ರೆಟಿಕಲ್ ಪ್ರಾಣಿಯ ಮೇಲಿದ್ದರೂ ಕಿರಣ ಪಕ್ಕದಲ್ಲಿ ಹಾದುಹೋಗುತ್ತದೆ.

ಪರೀಕ್ಷೆ ಸುಲಭ. ನಾನೂರು ಗಜದ ಆಸುಪಾಸಿನಲ್ಲಿ ಒಂಟಿಯಾಗಿ ನಿಂತ ವಿದ್ಯುತ್ ಕಂಬ ಅಥವಾ ಫಲಕ ಹುಡುಕಿ; ಹಿಂದೆ ಇನ್ನೂ ಬಹಳ ದೂರದವರೆಗೆ ಏನೂ ಇರಬಾರದು. ಉಪಕರಣವನ್ನು ಟ್ರೈಪಾಡಿಗೆ ಕಟ್ಟಿ, ಸತತವಾಗಿ ಅಳೆಯುವ ಸ್ಕ್ಯಾನ್ ಗುಂಡಿ ಒತ್ತಿ ಹಿಡಿದು, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ದೊಡ್ಡ ಅಂಕಿಯಿಂದ ಕಂಬದ ಅಂಕಿಗೆ ಜಿಗಿಯುವಾಗ, ಮತ್ತೆ ಬಿಡುವಾಗ, ಕಂಬ ರೆಟಿಕಲ್‌ನ ಯಾವ ಭಾಗದಲ್ಲಿದೆ ಎಂದು ಗುರುತಿಟ್ಟುಕೊಳ್ಳಿ. ಎರಡೂ ಬದಿ ಸಮನಾಗಿದ್ದರೆ ಸರಿ. ಆಮೇಲೆ ಮನೆಯ ಸೂರಿನ ಅಂಚಿನಂಥ ಅಡ್ಡ ಗೆರೆಯ ಮೇಲೆ ಮೇಲಕ್ಕೂ ಕೆಳಕ್ಕೂ ಇದನ್ನೇ ಮಾಡಿ. ಜಿಗಿತ ಬಲಕ್ಕೆ ವಾಲಿದ್ದರೆ ಕಿರಣವೂ ಬಲಕ್ಕೆ ವಾಲಿದೆ. ಸಣ್ಣ ವಾಲನ್ನು ನೆನಪಿಟ್ಟುಕೊಂಡು ಬಳಸಬಹುದು. ಪಟ್ಟಿ ರೆಟಿಕಲ್‌ನಿಂದ ಪೂರ್ತಿ ಹೊರಗಿದ್ದರೆ ವಾರಂಟಿಯಲ್ಲಿ ವಾಪಸ್ ಕೊಡಿ, ಸಂಕೋಚ ಬೇಡ.

ಅಂಕಿ ಸರಿಯೇ ಎಂದು ನೋಡಲು ಉಪಗ್ರಹ ನಕ್ಷೆಯಲ್ಲಿ ಗುರುತಿಸಬಲ್ಲ ಎರಡು ಬಿಂದುಗಳ ನಡುವಿನ ದೂರ ಸಾಕು. ಪಶ್ಚಿಮದ ಜಮೀನುಗಳನ್ನು ಹಳೆಯ ಸರ್ಕಾರಿ ಸರ್ವೆಯಲ್ಲಿ ಒಂದೊಂದು ಮೈಲಿಯ, ಅಂದರೆ 1760 ಗಜದ ಚೌಕಗಳಾಗಿ ಹಂಚಿದ್ದಾರೆ. ಬೇಲಿಗಳು ಅನೇಕ ಕಡೆ ಆ ಗೆರೆಯಲ್ಲೇ ಸಾಗುತ್ತವೆ. ಚೌಕಗಳು ಎಲ್ಲ ಕಡೆ ಕರಾರುವಾಕ್ಕಾಗಿಲ್ಲದಿದ್ದರೂ ಅಂದಾಜಿಗೆ ಒಳ್ಳೆಯ ಆಧಾರ.

ಬಿಸಿಲು, ಹಿಮ, ಮಂಜು, ಹೊಗೆ: ಯಾವುದು ಎಷ್ಟು ಕೆಡಿಸುತ್ತದೆ?

ಬಿಸಿಲೇ ದೊಡ್ಡ ಶತ್ರು ಎಂದರೆ ಹೊಸಬರು ನಂಬುವುದಿಲ್ಲ. ಸೂರ್ಯನ ಬೆಳಕಿನಲ್ಲಿಯೂ ಅದೇ ಅವಗೆಂಪು ಇದೆ, ನಿಮ್ಮ ಲೇಸರ್‌ನ ಕ್ಷೀಣ ಮರುಬೆಳಕು ಆ ಗದ್ದಲದಲ್ಲಿ ಮುಳುಗುತ್ತದೆ. ಬಿಸಿಲು ಬಿದ್ದ ಹಿಮದ ಇಳಿಜಾರಿನಲ್ಲಿ ಇನ್ನೂ ಕಷ್ಟ. ಮುಂಜಾನೆ, ಮುಸ್ಸಂಜೆ, ಮೋಡದ ದಿನ ಉಪಕರಣ ಚುರುಕಾಗಿರುತ್ತದೆ. ಪ್ರಾಣಿಗಳು ಹೊರಬರುವುದೂ ಆಗಲೇ ಎನ್ನುವುದು ನಮ್ಮ ಅದೃಷ್ಟ.

ಮಂಜಿನಲ್ಲಿ ಹನಿಗಳೇ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತವೆ. ಎದುರಿಗೆ ಏನೂ ಇಲ್ಲದಿದ್ದರೂ 30–40 ಗಜ ಎಂದು ತೋರಿಸಬಹುದು. ಮಳೆಗೆಂದು ಬೇರೆ ಸೆಟ್ಟಿಂಗ್ ಇದ್ದರೆ ಹಾಕಿ, ಅದು ಹತ್ತಿರದ ಮರುಬೆಳಕನ್ನು ಬಿಟ್ಟು ನೋಡುತ್ತದೆ. ದಟ್ಟ ಮಂಜಿನಲ್ಲಿ ಆ ಉಪಾಯವೂ ನಡೆಯದು. ಬೇಸಿಗೆ ಕೊನೆಯ ಕಾಳ್ಗಿಚ್ಚಿನ ಹೊಗೆ ಮಂಜಿನಷ್ಟು ಕಾಡುವುದಿಲ್ಲ, ಆದರೆ ದೂರವನ್ನು ಖಂಡಿತ ಕಡಿಮೆ ಮಾಡುತ್ತದೆ. ಕಾರಿನ ಗಾಜಿನ ಮೂಲಕ ಅಳೆದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹತ್ತು ಗಜ ಆಚೆ ಈಚೆ ಆದರೆ ಏನಾಗುತ್ತದೆ?

ಎಷ್ಟು ದೂರದಲ್ಲಿ ಎನ್ನುವುದರ ಮೇಲೆ ನಿಂತಿದೆ. 6.5 ಕ್ರೀಡ್‌ಮೋರ್‌ನಂಥ ಸಾಮಾನ್ಯ ರೈಫಲ್ ತೆಗೆದುಕೊಳ್ಳೋಣ. 400 ಗಜದಲ್ಲಿ ಹತ್ತು ಗಜದ ತಪ್ಪಿಗೆ ಗುಂಡು ಒಂದೂಕಾಲು ಇಂಚಿನಷ್ಟು ಮೇಲೆ ಕೆಳಗೆ ಬೀಳುತ್ತದೆ, ಚಿಂತೆಯಿಲ್ಲ. 800ರಲ್ಲಿ ಅದೇ ತಪ್ಪು ಸುಮಾರು ನಾಲ್ಕು ಇಂಚು. ಅಲ್ಲಿ ಗುಂಡು ಓರೆಯಾಗಿ ಇಳಿಯುತ್ತಿರುತ್ತದೆ. ಹಿಂದಿನ ಪೊದೆಗೆ ಬಡಿದು ಬಂದ ಅಂಕಿಯಿಂದ 25 ಗಜ ತಪ್ಪಿದರೆ ಹತ್ತು ಇಂಚು ಹೋಯಿತು. ಜಿಂಕೆಯ ಹೃದಯ ಶ್ವಾಸಕೋಶಗಳ ಗುರಿಜಾಗವೇ ಎಂಟು ಹತ್ತು ಇಂಚು. ಕಾಲಿಗೋ ಹೊಟ್ಟೆಗೋ ಏಟು ತಿಂದ ಪ್ರಾಣಿ ಕಾಡಿನೊಳಗೆ ಹೋಗಿ ನರಳಿ ಸಾಯುತ್ತದೆ. ಈ ಉತ್ತರಗಳನ್ನೆಲ್ಲ ಇಷ್ಟು ಉದ್ದ ಬರೆದದ್ದು ಅದು ಆಗಬಾರದು ಎಂದೇ.

ಇಳಿಜಾರಿನಲ್ಲಿ ಕೋನದ ಲೆಕ್ಕ ನಿಜವಾಗಿ ಬೇಕಾ?

ಬೇಕು. ಗುರುತ್ವ ಗುಂಡನ್ನು ಎಳೆಯುವುದು ನೆಲದತ್ತ, ಆದ್ದರಿಂದ ಸ್ಥೂಲವಾಗಿ ಅಡ್ಡದೂರವೇ ಲೆಕ್ಕ. 30 ಡಿಗ್ರಿ ಇಳಿಜಾರಿನಲ್ಲಿ 500 ಗಜ ಎಂದು ಬಂದರೆ ಬಂದೂಕಿನ ಸ್ಕೋಪನ್ನು, ಅಂದರೆ ಗುರಿ ನೋಡುವ ದುರ್ಬೀನನ್ನು, 433ಕ್ಕೆ ಹೊಂದಿಸಬೇಕು. 500ಕ್ಕೇ ಹೊಂದಿಸಿದರೆ ಗುಂಡು ಸುಮಾರು ಒಂದು ಅಡಿ ಮೇಲೆ ಹೋಗುತ್ತದೆ, ಗುಡ್ಡದ ಮೇಲಕ್ಕೆ ಹಾರಿಸಿದರೂ ಮೇಲೆಯೇ, ಕೆಳಕ್ಕೆ ಹಾರಿಸಿದರೂ ಮೇಲೆಯೇ. 10 ಡಿಗ್ರಿಯಲ್ಲಿ 500 ಎನ್ನುವುದು 492 ಆಗುತ್ತದೆ, ಅಷ್ಟೇನೂ ಮುಖ್ಯವಲ್ಲ. ಕಣ್ಣಿಗೆ 40 ಡಿಗ್ರಿ ಎನಿಸಿದ ಇಳಿಜಾರು ಅಳೆದಾಗ 25 ಇರುತ್ತದೆ. ಕೋನವನ್ನು ಉಪಕರಣಕ್ಕೇ ಬಿಡಿ.

ಒಳಗಿರುವ ಬ್ಯಾಲಿಸ್ಟಿಕ್ಸ್ ಲೆಕ್ಕ ನಂಬಬಹುದಾ?

ಬ್ಯಾಲಿಸ್ಟಿಕ್ಸ್ ಎಂದರೆ ಗುಂಡು ಸಾಗುವ ದಾರಿಯ ಲೆಕ್ಕ. ನಂಬಬಹುದು, ನೀವು ತುಂಬಿದ ವಿವರ ಸರಿ ಇದ್ದರೆ. ಗುಂಡಿನ ವೇಗವನ್ನು ಪೆಟ್ಟಿಗೆಯಿಂದ ನಕಲು ಮಾಡಬೇಡಿ, ನಿಮ್ಮ ನಳಿಗೆಯಿಂದ ಹೊರಡುವ ಗುಂಡನ್ನೇ ಕ್ರೋನೊಗ್ರಾಫ್ (ವೇಗಮಾಪಕ) ಇಟ್ಟು ಅಳೆಯಿರಿ. ಗಾಳಿಯ ಒತ್ತಡದಲ್ಲಿ ಎಡವುವವರು ಬಹಳ: ಹವಾಮಾನ ವರದಿಯಲ್ಲಿ ಬರುವ ಒತ್ತಡ ಸಮುದ್ರಮಟ್ಟಕ್ಕೆ ಸರಿಹೊಂದಿಸಿದ್ದು. ಕೊಲೊರಾಡೊದ 10,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಕಾಲುಭಾಗ ಕಡಿಮೆ ಇರುತ್ತದೆ. ಆ ಜಾಗದ ನಿಜವಾದ ಒತ್ತಡವನ್ನೇ ಕೊಡಬೇಕು.

ಬೀಸುಗಾಳಿಯನ್ನು ಯಾವ ರೇಂಜ್‌ಫೈಂಡರೂ ಕಣಿವೆಯ ಆಚೆ ದಡದಲ್ಲಿ ಅಳೆದು ಕೊಡುವುದಿಲ್ಲ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 500 ಗಜದಲ್ಲಿ ಗುಂಡನ್ನು ಸುಮಾರು ಒಂದೂವರೆ ಅಡಿ ಸರಿಸುತ್ತದೆ. ದೂರ ಒಂದು ಗಜದ ನಿಖರತೆಯಲ್ಲಿ ಗೊತ್ತಾದ ಮಾತ್ರಕ್ಕೆ ಗುರಿ ಸಿದ್ಧವಾಯಿತು ಎಂಬ ಭ್ರಮೆ ಬರುತ್ತದೆ, ಅದರ ಬಗ್ಗೆ ಎಚ್ಚರವಿರಲಿ.

ಒಂಟಿಕಣ್ಣಿನದೋ, ಬೈನಾಕ್ಯುಲರ್‌ನಲ್ಲೇ ಇರುವುದೋ?

ದುಡ್ಡಿದ್ದರೆ ಬೈನಾಕ್ಯುಲರ್. ಎರಡು ಕೈ, ಎರಡು ಕಣ್ಣು, ಹೆಚ್ಚು ತೂಕ ಎಲ್ಲ ಸೇರಿ ನಡುಕ ಕಡಿಮೆಯಾಗುತ್ತದೆ. ಪ್ರಾಣಿ ಕಂಡ ಮೇಲೆ ಇನ್ನೊಂದು ಉಪಕರಣ ತೆಗೆಯುವ ಗಡಿಬಿಡಿಯೂ ಇಲ್ಲ. ಒಂಟಿಕಣ್ಣಿನದನ್ನೇ ಕೊಂಡರೆ ಟ್ರೈಪಾಡಿಗೆ ಕೂರಿಸುವ ವ್ಯವಸ್ಥೆ ಮಾಡಿಕೊಳ್ಳಿ. 500 ಗಜ ದಾಟಿದ ಮೇಲೆ ಉಳಿದೆಲ್ಲ ಖರ್ಚಿಗಿಂತ ಟ್ರೈಪಾಡ್ ಹೆಚ್ಚು ಫಲ ಕೊಡುತ್ತದೆ. ಒಳಗಿನ ಅಂಕಿ ಕೆಂಪಗೆ ಬೆಳಗುವಂತಿದ್ದರೆ ಮುಸ್ಸಂಜೆಯಲ್ಲಿ ಓದಬಹುದು. ಕಪ್ಪು ಎಲ್‌ಸಿಡಿ ಅಂಕಿ ಕಪ್ಪು ಕಾಡಿನ ಹಿನ್ನೆಲೆಯಲ್ಲಿ ಕಾಣಿಸುವುದೇ ಇಲ್ಲ.

905 ನ್ಯಾನೋಮೀಟರ್, 1550 ನ್ಯಾನೋಮೀಟರ್ ಅಂದರೆ?

ಲೇಸರ್‌ನ ತರಂಗಾಂತರ. ಬೇಟೆ ಉಪಕರಣಗಳಲ್ಲಿ ಬಹುಪಾಲು 905. ಸೈನ್ಯದವುಗಳಲ್ಲಿ 1550 ಹೆಚ್ಚು. 1550ರಲ್ಲಿ ಕಣ್ಣಿಗೆ ಅಪಾಯವಾಗದಂತೆ ಹೆಚ್ಚು ಶಕ್ತಿ ಕಳಿಸಬಹುದು, ಆದರೆ ಒದ್ದೆ ಮತ್ತು ಹಿಮ ಅದನ್ನು ಹೀರಿಕೊಳ್ಳುತ್ತವೆ, ಬೆಲೆಯೂ ವಿಪರೀತ. ಬೇಟೆಗೆ 905 ಸಾಕು.

ಪ್ರಾಣಿಗೆ ಲೇಸರ್ ಕಾಣಿಸುತ್ತದೆಯೇ?

ಇಲ್ಲ. ಜಿಂಕೆಯ ಕಣ್ಣು ನೀಲಿ ಬೆಳಕಿಗೆ ಚುರುಕು, ಅವಗೆಂಪಿಗಲ್ಲ. ನಿಮ್ಮ ಕೈ ಚಲನೆ ಕಾಣಿಸುತ್ತದೆ, ಅದನ್ನು ನೋಡಿಕೊಳ್ಳಿ.

ಚಳಿಯಲ್ಲಿ ಬ್ಯಾಟರಿ?

ಲಿಥಿಯಂ ಬ್ಯಾಟರಿಯನ್ನೇ ಹಾಕಿ, ಬಿಡಿ ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಳ್ಳಿ.

ಕಾನೂನು ಏನು ಹೇಳುತ್ತದೆ?

ಕೈಯಲ್ಲಿ ಹಿಡಿಯುವ ರೇಂಜ್‌ಫೈಂಡರಿಗೆ ಸಾಮಾನ್ಯವಾಗಿ ತಕರಾರಿಲ್ಲ, ತಕರಾರು ಬಂದೂಕಿಗೆ ಅಂಟಿಸಿದಾಗ. ಐಡಹೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಆಯುಧಕ್ಕೆ ಇಲೆಕ್ಟ್ರಾನಿಕ್ ಸಾಧನ ಜೋಡಿಸುವಂತಿಲ್ಲ, ಬೆಳಗುವ ರೆಟಿಕಲ್‌ನ ಸ್ಕೋಪಿಗೆ ಮಾತ್ರ ವಿನಾಯಿತಿ. ರೈಫಲ್‌ನ ತೂಕಕ್ಕೂ 16 ಪೌಂಡಿನ ಮಿತಿ ಇದೆ. ಗುರಿ ತಾನೇ ಹಿಡಿದು ಗುಂಡು ಬಿಡುವ "ಸ್ಮಾರ್ಟ್ ರೈಫಲ್" ಕೊಲೊರಾಡೊದಲ್ಲಿ ನಿಷಿದ್ಧ. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ರಾಜ್ಯದ ಆ ವರ್ಷದ ಪುಸ್ತಿಕೆಯನ್ನು ಓದಿಯೇ ಹೊರಡಿ.

ಊರಿಗೆ ತಂದರೆ ಕರ್ನಾಟಕದಲ್ಲಿ ಬಳಸಬಹುದಾ?

ಬೇಟೆಗೆ ಖಂಡಿತ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೊಡಗಿನವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ ಬಂದೂಕಿನ ಲೈಸೆನ್ಸಿಗೆ ಸಂಬಂಧಿಸಿದ್ದು, ಬೇಟೆಗೆ ಅನುಮತಿಯಲ್ಲ. ಅಲ್ಲಿ ಈ ಉಪಕರಣದ ಸಾರ್ಥಕ ಬಳಕೆ ಬೇರೆ: ಆನೆಗೆ ಅರಿವಳಿಕೆ ಚುಚ್ಚುಮದ್ದು ಹಾರಿಸುವ ಪಶುವೈದ್ಯರು ಗನ್ನಿನ ಅನಿಲದ ಒತ್ತಡ ಹೊಂದಿಸುವುದು ದೂರ ನೋಡಿಕೊಂಡು. ಒತ್ತಡ ಹೆಚ್ಚಾದರೆ ಪ್ರಾಣಿಗೆ ಗಾಯ, ಕಡಿಮೆಯಾದರೆ ಡಾರ್ಟ್ ಮುಟ್ಟುವುದಿಲ್ಲ.

ಹಾಗಾದರೆ ನಾನು ಎಷ್ಟು ದೂರದಿಂದ ಗುಂಡು ಹಾರಿಸಬಹುದು?

ರೇಂಜ್‌ಫೈಂಡರ್ ಎಷ್ಟು ದೂರ ನೋಡುತ್ತದೆ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಟ್ಟದಲ್ಲಿ ಸಿಗುವ ಆಸರೆಯ ಮೇಲೆ, ಏದುಸಿರಿನಲ್ಲಿ, ಹಾರಿಸಿದ ಮೊದಲ ಗುಂಡೇ ಎಂಟಿಂಚಿನ ತಟ್ಟೆಗೆ ಎಷ್ಟು ದೂರದಿಂದ ಬೀಳುತ್ತದೆಯೋ ಅಷ್ಟು. ಎರಡನೆಯ ಗುಂಡನ್ನು ಎಣಿಸಬೇಡಿ. ಬಹಳ ಜನರಿಗೆ ಇದು 300ರಿಂದ 400 ಗಜದೊಳಗೆ ನಿಲ್ಲುತ್ತದೆ. 800 ಗಜದಲ್ಲಿ ಗುಂಡು ತಲುಪಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು, ಮೇಯುವ ಎಲ್ಕ್ ಅಷ್ಟರಲ್ಲಿ ಒಂದು ಹೆಜ್ಜೆ ಇಟ್ಟಿರುತ್ತದೆ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೇಟೆಗಾರರ ಸಂಘ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕೂಡ ಅತಿ ದೂರದ ಹೊಡೆತ ಪ್ರಾಣಿಯ ಸಹಜ ಎಚ್ಚರಕ್ಕೆ ಅವಕಾಶ ಕೊಡದು ಎಂದು ಅದನ್ನು ವಿರೋಧಿಸಿದೆ. ನಾನು ಅವರ ಪರ. 650 ಎಂದು ತೋರಿಸಿದಾಗ ಆ ಅಂಕಿಯನ್ನು ನಡೆದು ಕಡಿಮೆ ಮಾಡಬೇಕಾದ ದೂರ ಎಂದೇ ಓದಿಕೊಳ್ಳಿ.

ಗುಂಡು ಹಾರಿಸಿದ ಮೇಲೂ ಇದರಿಂದ ಉಪಯೋಗವಿದೆಯೇ?

ಬಹಳ. ಪ್ರಾಣಿ ಬಿದ್ದರೂ ಓಡಿದರೂ, ಅದು ನಿಂತಿದ್ದ ಜಾಗವನ್ನು ಕಣಿವೆ ದಾಟಿದ ಮೇಲೆ ಹುಡುಕುವುದು ಸುಲಭವಲ್ಲ. ಈ ಬದಿಯಿಂದ ಒಂದೇ ಆಗಿ ಕಂಡ ಪೊದೆ ಆ ಬದಿಯಲ್ಲಿ ನೂರು ಪೊದೆಗಳಾಗಿರುತ್ತದೆ. ಹೊರಡುವ ಮುನ್ನ ಆ ಜಾಗದ ದೂರ ಮತ್ತು ದಿಕ್ಸೂಚಿಯ ದಿಕ್ಕು ಬರೆದುಕೊಳ್ಳಿ, ಫೋನಿನ ನಕ್ಷೆಯಲ್ಲಿ ಗುರುತು ಹಾಕಿ, ನೀವು ಕೂತಿದ್ದ ಕಲ್ಲಿಗೆ ಕಿತ್ತಳೆ ರಿಬ್ಬನ್ ಕಟ್ಟಿ. ಅಲ್ಲಿಗೆ ಹೋದ ಮೇಲೆ ಹಿಂತಿರುಗಿ ಆ ರಿಬ್ಬನ್ ಕಟ್ಟಿದ ಕಲ್ಲನ್ನು ಅಳೆಯಿರಿ. ಬರೆದುಕೊಂಡದ್ದು 385 ಆಗಿದ್ದು ಈಗ 350 ತೋರಿಸಿದರೆ, ಇನ್ನೂ 35 ಗಜ ಮುಂದೆ ಹೋಗಿ, ಅಲ್ಲಿಂದ ರಕ್ತದ ಗುರುತು ಹುಡುಕಲು ಶುರುಮಾಡಿ.